ಕೂಟದಲ್ಲಿ ಎದುರಾಳಿಯಾದ ಗೆಳೆಯನೊಡನೆ ಮಾತು ನಿಂತಿದೆ: ತಪ್ಪು ಯಾರದು?

ಪೆರ್ಲದ ಹವ್ಯಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪೆರ್ಲದ ಸಮೀಪದ ಒಬ್ಬ ಅಡಕೆ ಕೃಷಿಕ. ಇಪ್ಪತ್ತೆರಡು ವರ್ಷಗಳಿಂದ ಊರಿನ ಸಂಘದ ತಾಳಮದ್ದಳೆ ಕೂಟಗಳಲ್ಲಿ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಹವ್ಯಾಸಿಯಾಗಿ ಅರ್ಥ (ಪಾತ್ರದ ಮಾತು) ಹೇಳುತ್ತಿದ್ದೇನೆ. ಈ ವಿಷಯವನ್ನು ಮನೆಯಲ್ಲಿ ಎತ್ತಿದರೆ "ಇಷ್ಟಕ್ಕೆಲ್ಲ ಯಾರಾದರೂ ಮಾತು ಬಿಡುತ್ತಾರೆಯೇ" ಎಂಬ ಒಂದೇ ಉತ್ತರ ಬರುವುದರಿಂದ, ಕೂಟದ ಒಳಹೊರಗನ್ನು ಬಲ್ಲವರು ಇಲ್ಲಿ ಇರಬಹುದೆಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ನನಗೊಬ್ಬ ಗೆಳೆಯನಿದ್ದಾನೆ. ಒಂದನೆಯ ತರಗತಿಯಿಂದ ಹತ್ತರವರೆಗೆ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ನಮ್ಮ ಎರಡು ತೋಟಗಳ ನಡುವೆ ಇರುವುದು ಸಣ್ಣ ನೀರಿನ ಒಂದು ತೋಡು ಮಾತ್ರ. ಅರ್ಥ ಹೇಳಲು ಕಲಿತದ್ದೂ ಒಟ್ಟಿಗೆ, ಒಬ್ಬರೇ ಹಿರಿಯರ ಜಗಲಿಯಲ್ಲಿ. ಅವನು ನನಗಿಂತ ಹೆಚ್ಚು ಓದಿದವನು, ನನಗೆ ಅವನಿಗಿಂತ ಕಂಠ ಚೆನ್ನಾಗಿದೆ ಎಂದು ಊರಿನವರು ಹೇಳುವುದುಂಟು. ಶ್ಲೋಕಗಳನ್ನೂ ಉಪಕಥೆಗಳನ್ನೂ ವಾದದ ಎಳೆಗಳನ್ನೂ ಬರೆದಿಟ್ಟ ಅವನ ನೋಟುಪುಸ್ತಕವು ವರ್ಷದಲ್ಲಿ ಆರು ತಿಂಗಳು ನನ್ನ ಮನೆಯಲ್ಲೇ ಇರುತ್ತದೆ. ಕೊಳೆರೋಗಕ್ಕೆ ಮದ್ದು ಬಿಡುವ ಪಂಪನ್ನೂ ಇಬ್ಬರೂ ಸೇರಿಯೇ ಕೊಂಡಿದ್ದೇವೆ.

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನಮ್ಮ ಕಡೆ ಕೂಟಗಳ ಕಾಲ. ಈ ವರ್ಷ ತೋಟಕ್ಕೆ ಮೊದಲನೆಯ ಮದ್ದು ಬಿಟ್ಟು ಮುಗಿಸಿದ ವಾರದಲ್ಲಿ, ಪರಿಚಿತರೊಬ್ಬರ ಮನೆಯ ಚಾವಡಿಯಲ್ಲಿ ಕೃಷ್ಣಾರ್ಜುನ ಕಾಳಗ ನಡೆಯಿತು. ಪ್ರಸಂಗ ತಿಳಿಯದವರಿಗಾಗಿ ಎರಡು ಮಾತು: ಆಕಾಶಮಾರ್ಗದಲ್ಲಿ ಹೋಗುತ್ತಿದ್ದ ಗಯನೆಂಬ ಗಂಧರ್ವನಿಂದ ಕೃಷ್ಣನ ಅರ್ಘ್ಯಕ್ಕೆ ಎಂಜಲು ತಗಲುತ್ತದೆ, ಅವನನ್ನು ಕೊಲ್ಲುವೆನೆಂದು ಕೃಷ್ಣ ಪ್ರತಿಜ್ಞೆ ಮಾಡುತ್ತಾನೆ. ಶತ್ರು ಯಾರೆಂಬುದನ್ನು ಕೇಳದೆಯೇ ಅರ್ಜುನ ಗಯನಿಗೆ ಅಭಯ ಕೊಡುತ್ತಾನೆ. ಹೀಗೆ ಪ್ರಾಣಮಿತ್ರರಿಬ್ಬರು ತಮ್ಮ ತಮ್ಮ ಮಾತಿಗೆ ಕಟ್ಟುಬಿದ್ದು ಎದುರುಬದುರಾಗುತ್ತಾರೆ. ಗೆಳೆಯನದು ಕೃಷ್ಣ, ನನ್ನದು ಅರ್ಜುನ.

ಸಂವಾದ ಏರುತ್ತಿದ್ದಾಗ ಅವನು ಹೇಳಿದ ಮಾತು ಇದು: "ಅರ್ಜುನಾ, ನಿನ್ನ ಬಿಲ್ಲು ಯಾರೋ ಕೊಟ್ಟದ್ದು. ನಿನ್ನ ಮಡದಿ ಸುಭದ್ರೆ ನನ್ನ ಮನೆಯಿಂದ ಬಂದವಳು. ಅದೂ ಇರಲಿ, ಈಗ ಈ ಸಭೆಯಲ್ಲಿ ಇಷ್ಟು ಹೊತ್ತು ನೀನು ಆಡಿದ ಮಾತಾದರೂ ನಿನ್ನದೋ, ಅದನ್ನೂ ನನ್ನ ಮನೆಯ ಕಡತದಿಂದ ಕಡ ತಂದೆಯೋ?"

ನೋಟುಪುಸ್ತಕದ ವಿಷಯ ಊರಿನಲ್ಲಿ ಎಲ್ಲರಿಗೂ ತಿಳಿದದ್ದೇ. ಸಭೆ ನಗೆಯಲ್ಲಿ ಮುಳುಗಿತು. ಎದುರಿನ ಸಾಲಿನಲ್ಲಿ ನನ್ನ ಮಗಳೂ ಕುಳಿತಿದ್ದಳು. ನನಗೆ ಮಾತು ಹೊರಡಲಿಲ್ಲ. "ಯುದ್ಧಕ್ಕೆ ಸಿದ್ಧನಾಗು" ಎಂದಷ್ಟೇ ಹೇಳಿ ಮುಗಿಸಿದೆ. ಮಂಗಳವಾದ ಮೇಲೆ ಊಟಕ್ಕೆ ಕುಳ್ಳದೆ ಮನೆಗೆ ಬಂದೆ. ಇಂದಿಗೆ ಮೂವತ್ತೆಂಟು ದಿನ. ಅವನು ಬಂದಿಲ್ಲ, ನಾನೂ ತೋಡು ದಾಟಿಲ್ಲ.

ಪಾತ್ರದ ಮರೆಯಲ್ಲಿ ನಿಂತು ವ್ಯಕ್ತಿಗೆ ಹೊಡೆಯುವುದು ಕೂಟದ ಧರ್ಮವೇ? ಅಥವಾ ಇದು ನನ್ನ ಸಣ್ಣತನವೇ?

ಬದಿಯಡ್ಕದವ

ಕೂಟದಲ್ಲಿ ಆಡಿದ ಮಾತನ್ನು ಕೂಟದ ಚಾಪೆಯ ಮೇಲೆಯೇ ಬಿಟ್ಟು ಏಳಬೇಕು. ಇಪ್ಪತ್ತೆರಡು ವರ್ಷ ಅರ್ಥ ಹೇಳಿದವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅವರು ಕೃಷ್ಣನಾಗಿ ಕೇಳಿದರು, ನೀವು ಅರ್ಜುನನಾಗಿ ಉತ್ತರಿಸಲಿಲ್ಲ, ಅಷ್ಟೇ ವಿಷಯ.

ಪೆರ್ಲದ ಹವ್ಯಾಸಿ

ಅಷ್ಟೇ ವಿಷಯವಾಗಿದ್ದರೆ ಬರೆಯುತ್ತಿರಲಿಲ್ಲ. ಅರ್ಜುನನಿಗೆ ಬಿದ್ದ ಏಟಿಗೆ ಅರ್ಜುನನಾಗಿ ಉತ್ತರಿಸಬಹುದು. ನೋಟುಪುಸ್ತಕ ಕಡ ತಂದದ್ದು ಅರ್ಜುನನಲ್ಲ, ನಾನು. ಪ್ರಸಂಗದ ಯಾವ ಪದದಲ್ಲಿಯೂ ಆ ಕಡತ ಇಲ್ಲ.

ನೀರ್ಚಾಲಿನ ಹಳೆಯ ಮಾಷ್ಟ್ರು

ತಮ್ಮಾ, ನಾನು ನಿವೃತ್ತನಾಗಿ ಹದಿನಾಲ್ಕು ವರ್ಷಗಳಾದವು. ಅರ್ಥ ಹೇಳುವುದನ್ನು ಹಲ್ಲು ಬಿದ್ದ ಮೇಲೆ ಬಿಟ್ಟಿದ್ದೇನೆ, ಕೇಳುವುದನ್ನು ಬಿಟ್ಟಿಲ್ಲ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬದಿಯಡ್ಕದವರು ಹೇಳಿದ್ದು ಸುಲಭದ ಮಾತು, ಅದನ್ನು ನಾನು ಒಪ್ಪುವುದಿಲ್ಲ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕಿರೀಟ ಕಟ್ಟಿಕೊಂಡು ರಂಗಕ್ಕೆ ಬಂದವನು ಚೌಕಿಗೆ ಹೋಗಿ ಬಣ್ಣ ತೆಗೆಯುವಾಗ ಪಾತ್ರವನ್ನೂ ತೆಗೆದಿಡುತ್ತಾನೆ. ಅರ್ಥಧಾರಿಗೆ ತೆಗೆದಿಡಲು ಏನೂ ಇಲ್ಲ. ಹೆಗಲ ಮೇಲೆ ಶಾಲು ಹಾಕಿಕೊಂಡು ಬಂದ ಅದೇ ಮನುಷ್ಯನು ಕೃಷ್ಣನಾಗಿ ಮಾತಾಡಿ, ಅದೇ ಶಾಲಿನಲ್ಲಿ ಊಟದ ಪಂಕ್ತಿಗೆ ನಡೆಯುತ್ತಾನೆ. ಹಾಗಾಗಿ ಇಲ್ಲಿ ಪಾತ್ರಕ್ಕೂ ವ್ಯಕ್ತಿಗೂ ನಡುವೆ ಇರುವುದು ಬಹಳ ತೆಳುವಾದ ಪರದೆ, ಅದನ್ನು ಹರಿಯದಂತೆ ಕಾಯುವ ಹೊಣೆ ಎದುರು ಕುಳಿತ ಇಬ್ಬರದೂ. ಹಿಂದೆ ಶೇಣಿ ಗೋಪಾಲಕೃಷ್ಣ ಭಟ್ಟರೂ ಮಲ್ಪೆಯ ಸಾಮಗ ಸಹೋದರರಲ್ಲಿ ಒಬ್ಬರೂ ಒಂದೇ ಕೂಟದಲ್ಲಿದ್ದಾರೆಂದು ತಿಳಿದರೆ ನಾವು ಹುಡುಗರು ರಾತ್ರಿಯ ಮಳೆಯಲ್ಲಿ ಸೂಟೆ ಹಿಡಿದು ನಡೆದು ಹೋಗುತ್ತಿದ್ದೆವು. ಒಂದು ಕಡೆ ಶೇಣಿಯವರ ಕಟ್ಟಿಹಾಕುವ ತರ್ಕ, ಇನ್ನೊಂದು ಕಡೆ ಸಾಮಗರ ಮಾತಿನ ಓಘ. ಶೇಣಿಯವರು ವಾಲಿಯಾಗಿ ರಾಮನನ್ನು ಪ್ರಶ್ನಿಸತೊಡಗಿದರೆ, ಮರುದಿನವೂ ನಾವು ಹೊಲದ ಕಟ್ಟದಲ್ಲಿ ಕುಳಿತು ರಾಮನ ಪರವಾಗಿ ಏನು ಹೇಳಬಹುದಿತ್ತೆಂದು ಹುಡುಕುತ್ತಿದ್ದೆವು. ಹಾಗೆ ಹುಡುಕುತ್ತಿದ್ದದ್ದು ರಾಮನ ಉತ್ತರವನ್ನು, ರಾಮನ ಅರ್ಥ ಹೇಳಿದವರ ಮನೆಯ ಸುದ್ದಿಯನ್ನಲ್ಲ.

ಒಳ್ಳೆಯ ಅರ್ಥಧಾರಿ ಎದುರು ಪಾತ್ರಕ್ಕೆ ಎಡೆ ಬಿಡುತ್ತಾನೆ. ಎಷ್ಟು ಗಟ್ಟಿಯಾದ ಪ್ರಶ್ನೆಯನ್ನು ಹಾಕಿದರೂ ಅದಕ್ಕೆ ಪ್ರಸಂಗದ ಒಳಗೇ ಎಲ್ಲಿಯೋ ಒಂದು ಉತ್ತರ ಇರುವಂತೆ ನೋಡಿಕೊಳ್ಳುತ್ತಾನೆ. ನಿಮ್ಮ ಗೆಳೆಯರು ಹಾಕಿದ ಪ್ರಶ್ನೆಯಲ್ಲಿ ಮೊದಲೆರಡು ಭಾಗಗಳಿಗೆ ಉತ್ತರವಿತ್ತು, ಮೂರನೆಯದಕ್ಕೆ ಇರಲಿಲ್ಲ. ಆದ್ದರಿಂದ ಮೂರನೆಯದು ತಪ್ಪು. ಇದನ್ನು ನಾನು ಅವರ ಎದುರೂ ಹೇಳಬಲ್ಲೆ.

ಆದರೆ ಮೊದಲನೆಯ ಭಾಗಕ್ಕೆ ನೀವು ಬಾಯಿ ಮುಚ್ಚಿದ್ದು ನನಗೆ ಬೇಸರ ತಂದಿತು. "ಬಿಲ್ಲು ಯಾರೋ ಕೊಟ್ಟದ್ದು" ಎಂದರೆ ಅರ್ಜುನನು ಖಾಂಡವ ದಹನವನ್ನು ನೆನಪಿಸಬಹುದಿತ್ತು. "ಕೃಷ್ಣಾ, ಅಗ್ನಿಯು ವರುಣನಿಂದ ತರಿಸಿ ನನಗೆ ಗಾಂಡೀವವನ್ನು ಕೊಟ್ಟದ್ದು ನಿಜ, ಆದರೆ ಅದೇ ದಿನ, ಅದೇ ಸ್ಥಳದಲ್ಲಿ, ಅದೇ ಅಗ್ನಿಯ ಕೈಯಿಂದ ನೀನೂ ಚಕ್ರವನ್ನು ಪಡೆದೆಯಲ್ಲ! ಯಾಚಕನ ಕೆಲಸಕ್ಕೆಂದು ಹೊರಟ ನಮ್ಮಿಬ್ಬರಿಗೂ ಕೊಟ್ಟವನು ಅವನೇ ಆಗಿರುವಾಗ, ನನ್ನದು ಮಾತ್ರ ಕಡವೂ ನಿನ್ನದು ಮಾತ್ರ ಸ್ವಂತವೂ ಹೇಗಾಯಿತು?" ಎಂದು ಕೇಳಿದ್ದರೆ ಕೃಷ್ಣನು ಒಂದು ಕ್ಷಣ ತಡೆದು ನಿಲ್ಲಬೇಕಾಗುತ್ತಿತ್ತು. ಕಡತದ ಮಾತಿಗೂ ಅದರಲ್ಲೇ ಉತ್ತರ ಬರುತ್ತಿತ್ತು. ಒಬ್ಬರೇ ಹಿರಿಯರ ಜಗಲಿಯಲ್ಲಿ ಕಲಿತವರೆಂದು ನೀವೇ ಬರೆದಿದ್ದೀರಿ. ಆ ನೋಟುಪುಸ್ತಕದ ಒಳಗಿನದೂ ಅರ್ಧಕ್ಕರ್ಧ ಆ ಜಗಲಿಯದೇ ಇದ್ದೀತು.

ಇನ್ನೊಂದು. ಸ್ನೇಹಿತನ ಪೈಪೋಟಿಯೆಂದಾಗ ಎಲ್ಲರೂ ಕೃಷ್ಣಾರ್ಜುನರನ್ನು ನೆನೆಯುತ್ತಾರೆ, ನನಗೆ ನೆನಪಾಗುವುದು ಕರ್ಣ ಮತ್ತು ಶಲ್ಯ. ಒಂದೇ ಪಕ್ಷದವರು, ಒಂದೇ ರಥದ ಮೇಲೆ ಕುಳಿತವರು. ಸರ್ಪಾಸ್ತ್ರವನ್ನು ಕೊರಳಿಗಲ್ಲ, ಎದೆಗೆ ಹೂಡೆಂದು ಶಲ್ಯ ಹೇಳಿದ್ದು ಸರಿಯಾದ ಸಲಹೆಯೇ. ಆದರೆ ದಾರಿಯುದ್ದಕ್ಕೂ ಹಂಗಿಸುತ್ತ ಬಂದವನ ಬಾಯಿಂದ ಬಂದ ಸಲಹೆಯನ್ನು ಕರ್ಣ ಹೇಗೆ ತೆಗೆದುಕೊಂಡಾನು? ಒಮ್ಮೆ ತೊಟ್ಟ ಬಾಣವನ್ನು ಮತ್ತೆ ತೊಡಲಾರೆ ಎಂದುಬಿಟ್ಟ. ನಿಮ್ಮಿಬ್ಬರಲ್ಲಿ ಕರ್ಣ ಯಾರು, ಶಲ್ಯ ಯಾರು ಎಂದು ನನಗೆ ತಿಳಿಯದು. ಹೊರಗಿನ ಎದುರಾಳಿಗಿಂತ ರಥದೊಳಗಿನ ಮಾತು ಆಳಕ್ಕೆ ಇಳಿಯುತ್ತದೆಂಬುದನ್ನು ಮಾತ್ರ ಬಲ್ಲೆ.

ಮೂವತ್ತೆಂಟು ದಿನ ಹೆಚ್ಚಾಯಿತು. ನಮ್ಮ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಬಲ್ಲ ನಿಮಗೆ ವಾಲಿಸುಗ್ರೀವರ ವೈರ ಹೇಗೆ ಹುಟ್ಟಿತೆಂದು ಹೇಳಬೇಕಾಗಿಲ್ಲ. ಬಿಲದಿಂದ ಹರಿದು ಬಂದ ರಕ್ತ ಅಣ್ಣನದೆಂದು ತಿಳಿದು ತಮ್ಮನು ಬಿಲದ ಬಾಯಿಗೆ ಕಲ್ಲು ಇಟ್ಟ. ಆ ಕಲ್ಲನ್ನು ಕಂಡ ಅಣ್ಣ, ಸಿಂಹಾಸನಕ್ಕಾಗಿ ಇಟ್ಟದ್ದೆಂದು ತಿಳಿದ. ಇಬ್ಬರೂ ಒಂದು ಮಾತು ಕೇಳಲಿಲ್ಲ.

ಸೀಮೆಯ ಶಿಕ್ಷಕಿ

ನನಗೆ ತಾಳಮದ್ದಳೆಯ ಅನುಭವ ಇಲ್ಲ, ಕೇಳುವವಳು ಮಾತ್ರ. ಆದರೂ ಈ ಪ್ರಶ್ನೆಯನ್ನು ಓದಿ ಸುಮ್ಮನಿರಲಾಗಲಿಲ್ಲ. ಬಂಧುಗಳ ಪೈಪೋಟಿಗಿಂತ ಗೆಳತಿಯರ ಪೈಪೋಟಿ ಹೆಚ್ಚು ಗುಟ್ಟಿನದು, ಏಕೆಂದರೆ ಅದು ಇದೆಯೆಂದು ಒಪ್ಪಿಕೊಳ್ಳಲು ಇಬ್ಬರಿಗೂ ನಾಚಿಕೆ.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ಕಾಸರಗೋಡಿನ ನೆಲದಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವರ ದಾರಿ ಎಷ್ಟು ಇಕ್ಕಟ್ಟಿನದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕನ್ನಡ ಶಿಕ್ಷಕರ ಹುದ್ದೆಗಳು ಹೆಚ್ಚಾಗಿ ಇರುವುದು ಈ ಒಂದು ಜಿಲ್ಲೆಯಲ್ಲೇ. ಆ ಬೆರಳೆಣಿಕೆಯ ಹುದ್ದೆಗಳಿಗೆ ಪರೀಕ್ಷೆ ಬರೆಯುವವರೆಲ್ಲ ಒಂದೇ ತರಬೇತಿ ಕೇಂದ್ರದಲ್ಲಿ ಕಲಿತವರು, ಒಂದೇ ಬಸ್ಸಿನಲ್ಲಿ ಓಡಾಡಿದವರು. ಎದುರಾಳಿಯ ಹೆಸರು, ಮನೆ, ಅವಳ ಅಮ್ಮನ ಕೈಯ ಪತ್ರೊಡೆಯ ರುಚಿ, ಎಲ್ಲವೂ ನಮಗೆ ತಿಳಿದಿರುತ್ತದೆ.

ನಾನೂ ನನ್ನ ಗೆಳತಿಯೂ ಎರಡು ವರ್ಷ ಒಂದೇ ಟಿಪ್ಪಣಿಯಿಂದ ಓದಿದೆವು. ಇತಿಹಾಸವನ್ನು ಅವಳು ಬರೆದಳು, ಮನಶ್ಶಾಸ್ತ್ರವನ್ನು ನಾನು ಬರೆದೆ, ಆ ಮೇಲೆ ಜೆರಾಕ್ಸ್ ಮಾಡಿ ಹಂಚಿಕೊಂಡೆವು. ರ‍್ಯಾಂಕ್ ಪಟ್ಟಿ ಬಂದಾಗ ನನ್ನ ಹೆಸರಿನ ಕೆಳಗೇ ಅವಳ ಹೆಸರು. ನನಗೆ ನೇಮಕದ ಶಿಫಾರಸಾದ ಅಡ್ವೈಸ್ ಮೆಮೋ ಬಂತು, ಅವಳಿಗೆ ಬರಲಿಲ್ಲ. ಪಿಎಸ್‌ಸಿಯ (ಲೋಕಸೇವಾ ಆಯೋಗದ) ಪಟ್ಟಿಗೆ ಸಾಮಾನ್ಯವಾಗಿ ಮೂರು ವರ್ಷ ದಾಟಿ ಆಯುಷ್ಯವಿಲ್ಲ. ಅಷ್ಟರೊಳಗೆ ಹುದ್ದೆ ಖಾಲಿಯಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೆಮೋ ಸಿಕ್ಕಿದವರು ಕೆಲಸಕ್ಕೆ ಸೇರದಿದ್ದರೆ ಆ ಜಾಗಕ್ಕೆ ಮುಂದಿನವರನ್ನು ಕರೆಯುತ್ತಾರೆ. ಎನ್‌ಜೆಡಿ ವೇಕೆನ್ಸಿ ಎಂಬ ಆ ಪದವನ್ನು ಪಟ್ಟಿಯಲ್ಲಿರುವವರೆಲ್ಲ ಜಪದಂತೆ ಹೇಳುತ್ತಿರುತ್ತಾರೆ. ಆಗ ನನಗೆ ಮಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಕೆಲಸವಿತ್ತು. ಅವಳು ಸಿಹಿ ತೆಗೆದುಕೊಂಡು ನಮ್ಮ ಮನೆಗೆ ಬಂದಳು, ಅಪ್ಪಿಕೊಂಡಳು, ಚಹಾ ಕುಡಿದಳು, ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ತಲೆ ಎತ್ತದೆ, "ನೀನು ಖಂಡಿತ ಸೇರುತ್ತೀಯಲ್ಲ?" ಎಂದು ಕೇಳಿದಳು.

ಆ ಒಂದು ಪ್ರಶ್ನೆಯನ್ನು ನಾನು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡು ಅವಳನ್ನು ದೂರಿದ್ದೇನೆ. ನನ್ನ ಸಂತೋಷದ ದಿನವೇ ಅವಳು ನನ್ನ ಜಾಗಕ್ಕೆ ಕಣ್ಣು ಹಾಕಿದಳೆಂದು ಅನ್ನಿಸಿತು. ಪಟ್ಟಿಯ ಅವಧಿ ಮುಗಿದಾಗ ಅವಳಿಗೆ ಹುದ್ದೆ ಸಿಕ್ಕಿರಲಿಲ್ಲ. ನಾನು ಫೋನ್ ಮಾಡಲಿಲ್ಲ. ಏನು ಹೇಳಬೇಕೆಂದು ತಿಳಿಯಲಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ, ಗೆದ್ದವಳ ಸ್ಥಾನದಿಂದ ಇಳಿದು ಮಾತಾಡುವುದು ಹೇಗೆಂಬುದು ನನಗೆ ಗೊತ್ತಿರಲಿಲ್ಲ. ಈಗ ಅವಳು ಗಡಿಯಾಚೆ ಮದುವೆಯಾಗಿ ಹೋಗಿದ್ದಾಳೆ. ಕಟೀಲಿನಲ್ಲಿ ಒಮ್ಮೆ ಎದುರಾದೆವು, ಮಕ್ಕಳ ಶಾಲೆಯ ವಿಷಯ ಮಾತಾಡಿ ಬೀಳ್ಕೊಂಡೆವು.

ಮಾಷ್ಟ್ರು ಹೇಳಿದ ಅಗ್ನಿಯ ಉತ್ತರ ಓದಿ ನನಗೂ ಚಪ್ಪಾಳೆ ತಟ್ಟಬೇಕೆನಿಸಿತು. ಆದರೆ ಮಾಷ್ಟ್ರೇ, ಅದು ಸಭೆಗೆ ಕೊಡುವ ಉತ್ತರ. ತೋಡು ದಾಟಿ ಹೋಗುವಾಗ ಅದನ್ನು ಹಿಡಿದುಕೊಂಡು ಹೋದರೆ ಇನ್ನೊಂದು ಕೂಟವಾದೀತು. ಪ್ರಶ್ನೆ ಕೇಳಿದವರಿಗೆ ನನ್ನದೊಂದು ಮರುಪ್ರಶ್ನೆ: ಆ ಮಾತಿಗಿಂತ ಮುಂಚೆ, ಅದೇ ರಾತ್ರಿ ಅಥವಾ ಅದಕ್ಕೂ ಹಿಂದೆ, ನಿಮ್ಮಿಂದ ಅವರಿಗೆ ಏನೂ ಆಗಿರಲಿಲ್ಲವೇ? ನನ್ನ ಗೆಳತಿಯ ಪ್ರಶ್ನೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮೆಮೋ ಬಂದ ದಿನ ಅವಳಿಗೆ ನಾನಾಗಿ ತಿಳಿಸಲಿಲ್ಲ, ಅವಳು ಬೇರೆಯವರಿಂದ ಕೇಳಿ ಬಂದಳೆಂಬುದನ್ನು ಇಂದೇ ಮೊದಲು ಬರೆಯುತ್ತಿದ್ದೇನೆ.

ಜಾಗಟೆ

ಈ ಚರ್ಚೆಯ ಕೊಂಡಿಯನ್ನು ನನಗೆ ಕಳುಹಿಸಿದವರು ನನ್ನ ಅಳಿಯ. ಪೆರ್ಲದವರೇ, ಹೆಸರು ಹಾಕದಿದ್ದರೂ ನೀವು ಯಾರೆಂದು ನನಗೆ ಗೊತ್ತಾಯಿತು, ನಾನು ಯಾರೆಂದು ನಿಮಗೂ ಗೊತ್ತಾದೀತು. ಆ ರಾತ್ರಿ ಜಾಗಟೆ ಹಿಡಿದು ಪದ ಹೇಳಿದ ಭಾಗವತ ನಾನೇ.

ಮೊದಲು ನನ್ನ ತಪ್ಪನ್ನು ಹೇಳುತ್ತೇನೆ. ಕೂಟದಲ್ಲಿ ಅರ್ಥಧಾರಿಗಳು ಎಷ್ಟೇ ದೊಡ್ಡವರಾಗಿದ್ದರೂ ಲಗಾಮು ಇರುವುದು ಭಾಗವತನ ಕೈಯಲ್ಲಿ. ಮಾತು ಪ್ರಸಂಗದ ಬೇಲಿ ಹಾರುತ್ತಿದೆಯೆಂದು ಕಂಡಾಗ ಮುಂದಿನ ಪದವನ್ನು ಎತ್ತಿದರೆ ಯಾರಾದರೂ ನಿಲ್ಲಿಸಲೇಬೇಕು. ಕಡತದ ಮಾತು ಬಂದ ಕ್ಷಣದಲ್ಲಿ ಪದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಮದ್ದಳೆಯವರು ನನ್ನ ಮುಖ ನೋಡಿದ್ದೂ ನೆನಪಿದೆ. ಸಭೆ ನಗುತ್ತಿತ್ತು. ಎರಡು ಗಂಟೆಗಳಿಂದ ಆಕಳಿಸುತ್ತಿದ್ದ ಸಭೆ ಅದು. ಇನ್ನೊಂದಿಷ್ಟು ನಗಲಿ ಎಂದು ಬಿಟ್ಟುಬಿಟ್ಟೆ. ಪ್ರಸಂಗದಲ್ಲಿ ಕೃಷ್ಣಾರ್ಜುನರ ಕಾಳಗವೂ ಅವರಿಂದಾಗಿಯೇ ನಿಲ್ಲುವುದಿಲ್ಲ, ನಡುವೆ ಬರಲು ಒಬ್ಬರು ಬೇಕಾಗುತ್ತದೆ. ನಾನು ಬರಬೇಕಾಗಿತ್ತು, ಬರಲಿಲ್ಲ.

ಆದರೆ ಸಭೆ ಏಕೆ ಆಕಳಿಸುತ್ತಿತ್ತು ಎಂಬುದನ್ನೂ ಹೇಳಬೇಕು. ಶಿಕ್ಷಕಿಯವರು ಕೇಳಿದ ಪ್ರಶ್ನೆಯನ್ನು ನಾನೂ ಕೇಳಬೇಕೆಂದಿದ್ದೆ. ಮೂರು ಗಂಟೆಯ ಕೂಟದಲ್ಲಿ ಅರ್ಜುನನ ಪೀಠಿಕೆ ಐವತ್ತು ನಿಮಿಷ ನಡೆಯಿತು. ಅಷ್ಟೇ ಆಗಿದ್ದರೆ ನಾನು ಹೇಳುತ್ತಿರಲಿಲ್ಲ, ಉದ್ದದ ಪೀಠಿಕೆ ನಮ್ಮ ಕಡೆ ಹೊಸತಲ್ಲ. ಕೃಷ್ಣನು ತನ್ನ ಪ್ರತಿಜ್ಞೆಗೆ ಕೊಡಬಹುದಾದ ಸಮರ್ಥನೆಗಳನ್ನು ನೀವೇ ಒಂದೊಂದಾಗಿ ಎತ್ತಿದಿರಿ, ನೀವೇ ಒಂದೊಂದಾಗಿ ಮುರಿದಿರಿ. ಅರ್ಘ್ಯವು ಅಶುದ್ಧವಾದದ್ದಕ್ಕೆ ಮರಣದಂಡನೆ ಹೆಚ್ಚಾಯಿತೇ ಎಂಬ ವಾದ, ಅರಿಯದೆ ಮಾಡಿದ ತಪ್ಪಿಗೂ ಅರಿತು ಮಾಡಿದ ತಪ್ಪಿಗೂ ಇರುವ ಭೇದ, ದುಷ್ಟಶಿಕ್ಷಣದ ಹೊಣೆ ಹೊತ್ತವನು ಮಾತು ತಪ್ಪಬಾರದೆಂಬ ಎಳೆ, ಎಲ್ಲವೂ ಆಗಿಹೋಯಿತು. ಕೃಷ್ಣನು ಬಾಯಿ ತೆರೆಯುವ ಹೊತ್ತಿಗೆ ಅವನಿಗೆ ಹೇಳಲು ಹೊಸದೇನೂ ಉಳಿದಿರಲಿಲ್ಲ. ನಿಮ್ಮ ಗೆಳೆಯರ ಮುಖ ಆಗ ಹೇಗಾಗಿತ್ತೆಂಬುದನ್ನು ನೀವು ನೋಡಿಲ್ಲ. ನೀವು ಸಭೆಯನ್ನು ನೋಡುತ್ತಿದ್ದಿರಿ, ನಾನು ಅವರ ಪಕ್ಕದಲ್ಲಿದ್ದೆ.

ಆ ಎಳೆಗಳು ನಿಮಗೆ ಎಲ್ಲಿ ಸಿಕ್ಕಿದವೆಂದು ನಾನು ಊಹಿಸಬಲ್ಲೆ. ಕೃಷ್ಣನ ಪಾತ್ರಕ್ಕೆಂದು ಅವರು ಬರೆದಿಟ್ಟ ಪುಟಗಳು ಅದೇ ನೋಟುಪುಸ್ತಕದಲ್ಲಿ ಇದ್ದವು, ನೋಟುಪುಸ್ತಕ ನಿಮ್ಮ ಮನೆಯಲ್ಲಿತ್ತು. ಅವರು ಪರದೆ ಹರಿದದ್ದು ನಿಜ. ಎಡೆ ಬಿಡದೆ ಮೊದಲು ಗೋಡೆ ಕಟ್ಟಿದವರು ನೀವು.

ಇನ್ನು ಸಂಘದ ಸುದ್ದಿ. ಮುಂದಿನ ತಿಂಗಳು ಕರ್ಣಪರ್ವ ಎಂದು ಗೊತ್ತಾಗಿದೆ. ಇಬ್ಬರ ಹೆಸರನ್ನೂ ಹಾಕಿದ್ದೇನೆ, ಪಾತ್ರ ಹಂಚಿಲ್ಲ. ಯಾರು ಕರ್ಣ, ಯಾರು ಶಲ್ಯ ಎಂಬುದನ್ನು ನೀವೇ ಮಾತಾಡಿಕೊಂಡು ತಿಳಿಸಬೇಕು, ಬೇರೆ ಬೇರೆಯಾಗಿ ಹೇಳಿ ಕಳುಹಿಸಿದರೆ ಒಪ್ಪುವುದಿಲ್ಲ. ಈ ಸಲ ಜಾಗಟೆಯನ್ನು ಕೆಳಗಿಡುವುದೂ ಇಲ್ಲ.

ಪೆರ್ಲದ ಹವ್ಯಾಸಿ

ಭಾಗವತರೇ, ನಿಮ್ಮ ಉತ್ತರವನ್ನು ನಿನ್ನೆ ರಾತ್ರಿ ಓದಿದೆ. ಕೂಡಲೇ ಬರೆಯಲು ಕೈ ಬರಲಿಲ್ಲ.

ಕೃಷ್ಣನ ಪುಟಗಳನ್ನು ಓದಿದ್ದೆನೆಂಬುದು ನಿಜ. ಎದುರಿನವನು ಏನು ಹೇಳಿಯಾನೆಂದು ತಿಳಿದಿರಲಿ ಎಂಬ ಉದ್ದೇಶದಿಂದ ಓದಿದೆನೆಂದು ಈ ಮೂವತ್ತೆಂಟು ದಿನವೂ ನಂಬಿದ್ದೆ. ಕಳೆದ ವರ್ಷ ಕುಂಬಳೆಯ ಕಡೆಯ ಒಂದು ಕೂಟಕ್ಕೆ ಅವನೊಬ್ಬನನ್ನು ಮಾತ್ರ ಕರೆದಿದ್ದರು. ಅಂದು ಹಾರ ಹಾಕಿಸಿಕೊಂಡ ಅವನ ಫೋಟೋವನ್ನು ಎಷ್ಟು ಸಲ ನೋಡಿದ್ದೇನೆಂದು ನನಗೇ ಗೊತ್ತು. ಪೀಠಿಕೆಯ ಐವತ್ತು ನಿಮಿಷಗಳ ಬೇರು ಅಲ್ಲಿದೆಯೋ ಏನೋ. ಆದರೂ ಮಗಳ ಎದುರು ಆದ ಅವಮಾನ ಅವಮಾನವೇ, ಅದನ್ನು ಇಲ್ಲವೆನ್ನಲು ನನಗೆ ಇನ್ನೂ ಸಾಧ್ಯವಾಗುತ್ತಿಲ್ಲ. ಮಾಷ್ಟ್ರು ಮೂರನೆಯ ಭಾಗ ತಪ್ಪೆಂದದ್ದನ್ನು ಹಿಡಿದುಕೊಂಡಿದ್ದೇನೆ, ಕ್ಷಮಿಸಿ.

ಶಿಕ್ಷಕಿಯವರೇ, ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದ ಆ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನಿಮ್ಮ ಗೆಳತಿಯ ಫೋನ್ ನಂಬರ್ ಈಗಲೂ ಇದೆಯೇ ಎಂದು ಕೇಳಬೇಕೆನಿಸಿತು. ನನಗೆ ಕೇಳುವ ಹಕ್ಕಿಲ್ಲ.

ತೋಟದಲ್ಲಿ ಮಳೆ ಹಿಡಿದು ಕುಳಿತಿದೆ. ಮೊದಲನೆಯ ಮದ್ದು ಬಿಟ್ಟು ನಲವತ್ತೈದು ದಿನ ದಾಟಿಸಿದರೆ ಕೊಳೆ ಹಿಡಿಯುವುದು ಖಂಡಿತ, ಬುಡದಲ್ಲಿ ಈಗಾಗಲೇ ನಾಲ್ಕಾರು ಹಸಿ ಅಡಕೆ ಉದುರಿವೆ. ಮೈಲುತುತ್ತೂ ಸುಣ್ಣವೂ ನನ್ನಲ್ಲಿವೆ. ಪಂಪು ಅವನ ಕೊಟ್ಟಿಗೆಯಲ್ಲಿದೆ. ನಾಳೆ ಮಳೆ ಸ್ವಲ್ಪ ಬಿಟ್ಟರೆ ಹೋಗುತ್ತೇನೆ, ನೋಟುಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದೇನೆ.